ಗೆಲೊ ಅಂದರೆ ಹೋದ

ಫೋನು ಎತ್ತಿದ ಕೂಡಲೇ ನಾನು ‘ಹಲೋ’ ಅನ್ನುವುದಿಲ್ಲ. ಕಿವಿಗೆ ಹಿಡಿದು ಸುಮ್ಮನೆ ನಿಲ್ಲುತ್ತೇನೆ. ಆ ಕಡೆಯವರು ಎರಡು ಮೂರು ಸಲ ಕೂಗಿ, ಲೈನಿಗೆ ಬೈದು, ಇನ್ನೇನು ಇಟ್ಟುಬಿಡಬೇಕು ಅನ್ನುವಾಗ ‘ಹೇಳಿ, ಕೇಳ್ತಾ ಇದ್ದೇನೆ’ ಅನ್ನುತ್ತೇನೆ. ಮಗಳಿಗೆ ಇದು ದೊಡ್ಡ ತಲೆನೋವು. ‘ಪಪ್ಪಾ, ನೀನು ಎತ್ತಿದೆಯೋ ಇಲ್ಲವೋ ಅಂತ ನಮಗೆ ಹೇಗೆ ಗೊತ್ತಾಗಬೇಕು? ಒಂದು ಸಲ ಕೆಮ್ಮಾದರೂ ಕೆಮ್ಮಬಾರದಾ?’ ಎಂದು ಹೋದ ವಾರ ಸಿಡಿಮಿಡಿಗೊಂಡಳು. ನನ್ನ ಕಿವಿ ಮಂದವಾಗಿದೆ ಎಂದು ಅಳಿಯನ ಹತ್ತಿರ ಹೇಳಿದ್ದಾಳಂತೆ. ಕಿವಿ ಚೆನ್ನಾಗಿಯೇ ಇದೆ. ಯಾವತ್ತೂ ಬೇಕಾದ್ದಕ್ಕಿಂತ ಒಂದು ಕೈ ಹೆಚ್ಚೇ ಚೆನ್ನಾಗಿತ್ತು. ತೊಂದರೆ ಇದ್ದದ್ದು ಕಿವಿಯಿಂದ ಬಾಯಿಗೆ ಹೋಗುವ ದಾರಿಯಲ್ಲಿ. ಅಲ್ಲಿ ಒಂದು ಗೇಟು, ಒಬ್ಬ ಕಾವಲುಗಾರ, ಏನೂ ಇರಲಿಲ್ಲ.

ಇದು ಹುಟ್ಟಿನಿಂದಲೇ ಬಂದದ್ದು. ಚಿತ್ತಾಕುಲದ ನಮ್ಮ ಮನೆಯಲ್ಲಿ ಸಂಜೆ ಎಲ್ಲರೂ ಮೊಣಕಾಲೂರಿ ಜಪಮಾಲೆ ಹೇಳುತ್ತಿದ್ದಾಗ ನಾನು ನಡುವೆಯೇ ‘ಮಾಯ್, ಆಚೆಮನೆಯಲ್ಲಿ ಇವತ್ತು ಎಂಥಾ ದೊಡ್ಡ ಮೀನು ತಂದಿದ್ದಾರೆ ಗೊತ್ತಾ’ ಅನ್ನುತ್ತಿದ್ದೆ. ಮಾಯ್ ಅಂದರೆ ನನ್ನ ಅಮ್ಮ. ಅವಳು ಜಪ ನಿಲ್ಲಿಸದೆಯೇ ಕೈ ಚಾಚಿ ನನ್ನ ತೊಡೆ ಚಿವುಟುತ್ತಿದ್ದಳು. ಒಂದು ಭಾನುವಾರ ನನ್ನ ಜ್ಞಾನಸ್ನಾನದ ತಂದೆ, ಅಂದರೆ ಗಾಡ್‌ಫಾದರ್, ಊಟಕ್ಕೆ ಬಂದವರು ತಾವು ಮುಂಬಯಿಯಲ್ಲಿ ಕಂಡದ್ದನ್ನೆಲ್ಲ ವರ್ಣಿಸುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಕೇಳಿ ಮುಗಿಸಿ, ‘ನಿಮ್ಮ ಮಾತಿನಲ್ಲಿ ಅರ್ಧ ಕಳೆದು ಕೇಳಬೇಕು ಅಂತ ಮಾಯ್ ಹೇಳ್ತಾಳೆ. ಯಾವ ಅರ್ಧ ಕಳೆಯಬೇಕು?’ ಎಂದು ವಿನಯದಿಂದಲೇ ವಿಚಾರಿಸಿದೆ. ಅವರು ಎರಡು ವರ್ಷ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ಆವತ್ತು ಮಾಯ್ ನನ್ನ ನಾಲಿಗೆಯ ಮೇಲೆ ಒಂದು ದಪ್ಪ ಉಪ್ಪಿನ ಹರಳಿಟ್ಟು, ಅದು ಪೂರ್ತಿ ಕರಗುವ ತನಕ ಬಾಯಿ ತೆರೆಯಬಾರದು ಎಂದು ಮೂಲೆಯಲ್ಲಿ ಕೂರಿಸಿದಳು. ದೋಣಿ ರಿಪೇರಿ ಮಾಡುವ ಬಡಗಿಯಾಗಿದ್ದ, ದಿನಕ್ಕೆ ಹತ್ತು ಮಾತೂ ಆಡದ ಅಪ್ಪ ನನ್ನನ್ನು ನೋಡಿ, ‘ಇವನಿಗೆ ಒಂದು ಮೂಟೆ ಉಪ್ಪು ಬೇಕಾದೀತು’ ಎಂದ. ನಾನು ಉಪ್ಪನ್ನು ಚೀಪುತ್ತ, ಅಪ್ಪ ಹೇಳಿದ್ದನ್ನು ಯಾರ ಹತ್ತಿರ ಹೇಳಲಿ ಎಂದು ಯೋಚಿಸುತ್ತಿದ್ದೆ.

ದೊಡ್ಡವನಾದ ಮೇಲೂ ಪಾಪನಿವೇದನೆಗೆ ಹೋದರೆ ನನ್ನದು ಒಂದೇ ರಾಗ. ಇಂಥವರ ಬಗ್ಗೆ ಇಂಥದ್ದು ಅಂದೆ, ಇಂಥವರ ಗುಟ್ಟು ಇಂಥವರಿಗೆ ಹೇಳಿದೆ. ನಮ್ಮ ಪಾದ್ರಿಗಳು ಜಾಲರಿಯ ಆಚೆಯಿಂದ ಒಮ್ಮೆ ನಿಟ್ಟುಸಿರು ಬಿಟ್ಟು, ‘ಇನಾಸ್, ನಿನ್ನ ಬೇರೆ ಅಂಗಗಳಿಗೆಲ್ಲ ರಜೆಯೇನೋ?’ ಎಂದು ಕೇಳಿದ್ದರು. ಅವರು ನಗಿಸಲೆಂದು ಹಾಗಂದದ್ದಲ್ಲ. ‘ದೇವಾಲಯಕ್ಕೆ ಬರ್ತೀ, ಉಪವಾಸ ಮಾಡ್ತೀ, ಬಡವರಿಗೆ ಕೊಡ್ತೀ. ಕ್ರಿಸ್ತನ ಹೆಸರು ಹೇಳುವ ಬಾಯಿಯಲ್ಲೇ ಊರವರ ಹೆಸರನ್ನೂ ಅಗೀತೀ. ಎರಡೂ ಒಂದೇ ಬಾಯಿ ಅನ್ನೋದು ನೆನಪಿರಲಿ’ ಅಂದರು. ನೆನಪಿಟ್ಟುಕೊಂಡೆ. ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡೆ ಅಂದರೆ, ಹೊರಗೆ ಬಂದು ನಾಲ್ಕು ಜನಕ್ಕೆ ‘ಪಾದ್ರಿ ಇವತ್ತು ನನಗೆ ಎಂಥಾ ಮಾತು ಹೇಳಿದರು ಗೊತ್ತಾ’ ಎಂದು ಹೇಳಿದೆ.

ಇಂಥವನ ಕೈಗೆ ದೇವರು ಕೊಟ್ಟ ಉದ್ಯೋಗ ಯಾವುದು ನೋಡಿ: ಎಸ್‌ಟಿಡಿ ಬೂತು. ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿದ್ದ ಕಾಲ. ಮೊಬೈಲು ಪೇಟೆಯ ದೊಡ್ಡವರ ಕಿಸೆಯಲ್ಲಿ ಮಾತ್ರ ಇತ್ತು. ಸದಾಶಿವಗಡದ ಮೀನುಪೇಟೆಯ ಹತ್ತಿರ ನನ್ನ ಬೂತು. ಒಳಗೊಂದು ಗಾಜಿನ ಗೂಡು, ಅದರ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ನಾನೂ ಅದನ್ನು ರಿಪೇರಿ ಮಾಡಿಸಲಿಲ್ಲ. ಸುತ್ತಲಿನ ಮೀನುಗಾರರ ಮನೆಗಳಿಗೆಲ್ಲ ನನ್ನ ನಂಬರೇ ನಂಬರು. ಗೋವೆಯಿಂದ, ಮಲ್ಪೆಯಿಂದ, ಎಲ್ಲಿಂದಲೋ ಫೋನು ಬಂದರೆ ನಾನು ಹೋಗಿ ಕರೆಯುವುದು ಅಥವಾ ಸುದ್ದಿ ಮುಟ್ಟಿಸುವುದು. ಯಾರ ಮನೆಯ ಹೆಣ್ಣಿಗೆ ಗಂಡು ಗೊತ್ತಾಯಿತು, ಯಾರಿಗೆ ಪರೀಕ್ಷೆ ಹೋಯಿತು, ಎಲ್ಲ ಆ ಮನೆಯವರಿಗಿಂತ ಮೊದಲು ನನಗೆ ಗೊತ್ತು. ಜನ ನನಗೆ ‘ಡಂಗುರ ಇನಾಸ’ ಎಂದು ಹೆಸರಿಟ್ಟಿದ್ದರು. ಅದನ್ನು ನಾನು ಬಿರುದು ಅಂದುಕೊಂಡಿದ್ದೆ.

ಆ ವರ್ಷ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಇಳಿದ ಕೆಲವೇ ದಿನಕ್ಕೆ ಗಾಳಿ ಎದ್ದಿತು. ಬೋಟುಗಳೆಲ್ಲ ಹಿಂದೆ ಬಂದವು, ಒಂದನ್ನು ಬಿಟ್ಟು. ಅದರಲ್ಲಿ ಏಳು ಜನ. ಅವರಲ್ಲಿ ಒಬ್ಬ ನಮ್ಮ ಕೇರಿಯ ಪುಂಡಲೀಕ. ಅವನ ಹೆಂಡತಿ ದೇವಕಿ, ಅಂಕೋಲೆಯ ಆಚೆಯ ಭಾವಿಕೇರಿಯವಳು, ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಪೇಟೆಯಲ್ಲಿ ಅತ್ತೆಯ ಜೊತೆ ಮೀನು ಮಾರಲು ಕೂರುತ್ತಿದ್ದಳು. ಅತ್ತೆಯನ್ನು ಕೇರಿಯವರೆಲ್ಲ ‘ಆಯಿ’ ಅನ್ನುವುದು. ಆ ಮೂರು ದಿನ ದೇವಕಿ ತಾಸಿಗೊಮ್ಮೆ ಬೂತಿನ ಬಾಗಿಲಿಗೆ ಬಂದು, ಏನೂ ಕೇಳದೆ ನನ್ನ ಮುಖ ನೋಡಿ ಹೋಗುತ್ತಿದ್ದಳು. ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಫೋನು ಬಂತು. ಸಮುದ್ರವೇ ಲೈನಿನೊಳಗೆ ನುಗ್ಗಿದ ಹಾಗೆ ಸದ್ದು. ಕೊಂಕಣಿಯಲ್ಲಿ ಯಾರೋ ಕೂಗುತ್ತಿದ್ದರು. ‘ಚಿತ್ತಾಕುಲದ ಪುಂಡಲೀಕನ ಮನೆಗೆ ಹೇಳಿ... ಪುಂಡಲೀಕ್ ಗೆಲೊ...’ ಅಷ್ಟರಲ್ಲಿ ಲೈನು ಕಡಿಯಿತು.

ಕೊಂಕಣಿಯಲ್ಲಿ ಗೆಲೊ ಅಂದರೆ ಹೋದ. ಕನ್ನಡದಲ್ಲಿ ಹೋದ ಅಂದರೆ ಎಷ್ಟು ಥರ ಹೋಗಬಹುದೋ, ಕೊಂಕಣಿಯಲ್ಲೂ ಅಷ್ಟೇ ಥರ. ಪೇಟೆಗೂ ಹೋಗಬಹುದು, ಈ ಲೋಕದಿಂದಲೂ ಹೋಗಬಹುದು. ಲೈನು ಕಡಿದರೆ ಮತ್ತೆ ಬರುತ್ತದೆ, ಐದು ನಿಮಿಷ ಕಾಯಬೇಕು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಬೇರೆಯವರಿಗೆ ನಾನೇ ದಿನಾ ಹೇಳುತ್ತಿದ್ದ ಮಾತು ಅದು. ಆದರೆ ಆ ಸುದ್ದಿ ನನ್ನ ಎದೆಯಲ್ಲಿ ಅರೆ ನಿಮಿಷವೂ ನಿಲ್ಲಲಿಲ್ಲ. ಇನ್ನೂ ಒಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಬೇಕು. ದುಃಖವಾಯಿತು, ನಿಜ. ದುಃಖದ ಅಡಿಯಲ್ಲಿ ಇನ್ನೊಂದಿತ್ತು: ನನಗೇ ಮೊದಲು ಗೊತ್ತಾಯಿತು ಎಂಬ ಒಂದು ತುರಿಕೆ. ಬೂತು ಹಾಗೇ ಬಿಟ್ಟು ಓಡಿದೆ. ಮೀನುಪೇಟೆಯ ನಡುವೆ ನಿಂತು, ಎಲ್ಲರ ಎದುರಿಗೆ, ‘ದೇವಕೀ, ಪುಂಡಲೀಕ ಹೋದ’ ಎಂದೆ.

ಅವಳು ಎದ್ದು ನಿಂತಳು, ಕೂತಳು, ಮೀನು ಹರಡಿದ್ದ ಕಲ್ಲಿಗೆ ಎರಡೂ ಕೈ ಬಡಿದಳು. ಬಳೆಯ ಚೂರು ಮೀನಿನ ಮೇಲೆಲ್ಲ ಬಿತ್ತು. ಉಳಿದ ಹೆಂಗಸರು ನನ್ನ ಅಂಗಿ ಹಿಡಿದು ‘ಬಾಕಿಯವರು? ನಮ್ಮವರು?’ ಎಂದು ಕೂಗಿದರು. ನನ್ನ ಹತ್ತಿರ ಇದ್ದದ್ದು ಒಂದೇ ಶಬ್ದ.

ಅವರೆಲ್ಲ ಬೋಟು ನಿಲ್ಲುವ ದಕ್ಕೆಯ ಕಡೆಗೆ ಓಡಿದರು. ದೇವಕಿಯನ್ನೂ ಆಯಿಯನ್ನೂ ನಾನೇ ಮನೆ ಮುಟ್ಟಿಸಿದೆ. ನೀರು ಕೊಡೋಣವೆಂದು ಹಿತ್ತಲ ಬಾವಿಯಿಂದ ಚೊಂಬು ತುಂಬಿಕೊಂಡು ಬರುವಾಗ, ಆಯಿ ಸೊಸೆಯ ಭುಜ ಹಿಡಿದು ಅಲುಗಿಸುತ್ತಿದ್ದಳು. ‘ನನ್ನ ಮಗನ್ನ ತಿಂದ್ಬಿಟ್ಟೆ ನೀನು. ನಿನ್ನ ಕಾಲು ಈ ಮನೆಗೆ ಬಿದ್ದ ದಿವಸವೇ ನಂಗೆ ಗೊತ್ತಿತ್ತು’ ಎಂದಳು. ದೇವಕಿ ಅಳುವುದನ್ನು ನಿಲ್ಲಿಸಿ ಅತ್ತೆಯ ಮುಖವನ್ನೇ ನೋಡಿದಳು. ಅದನ್ನು ಕೇಳಿದವರು ನಾವು ಮೂವರೇ.

ಅಷ್ಟರಲ್ಲಿ ಬೂತಿನ ಪಕ್ಕದ ಸೈಕಲ್ ಅಂಗಡಿಯವನು ಬೀದಿಯಿಂದ ಕೂಗಿದ: ‘ಇನಾಸಣ್ಣಾ, ನಿಮ್ಮ ಫೋನು ಆಗಿಂದ ಹೊಡ್ಕೊಳ್ತಾ ಉಂಟು!’

ಓಡಿ ಹೋಗಿ ಎತ್ತಿದೆ. ಆ ಬೋಟಿನ ತಾಂಡೇಲನೇ, ಅಂದರೆ ಬೋಟು ನಡೆಸುವವನೇ, ಮಾತಾಡುತ್ತಿದ್ದ. ‘ಎಲ್ಲಿ ಸಾಯೂಕೆ ಹೋಗಿದ್ರಿ? ಎಷ್ಟು ಸಲ ಮಾಡೂದು! ಎಂಜಿನ್ ಕೆಟ್ಟು ಬಡಗಕ್ಕೆ ತೇಲಿಹೋದ್ವಿ, ಬೇರೆ ಬೋಟಿನವರು ಎಳ್ಕೊಂಡು ಬಂದು ಬಂದರಕ್ಕೆ ಹಾಕಿದ್ರು. ಏಳೂ ಜನ ಆರಾಮ. ಪುಂಡಲೀಕಂಗೆ ಕೈಗೆ ಪೆಟ್ಟಾಗಿ, ಪಟ್ಟಿ ಕಟ್ಟಿಸ್ಕೊಂಡು ಅವನೊಬ್ಬ ಬೆಳಗಿನ ಬಸ್ಸಿಗೆ ಹೋದ ಅಂತ ಮನೆಗೆ ಹೇಳಿ.’

ಹೋದ. ಬಸ್ಸಿಗೆ.

ಒಟ್ಟು ಮುಕ್ಕಾಲು ಗಂಟೆಯ ಸಾವು ಅದು. ಪುಂಡಲೀಕ ಆವತ್ತೇ ಮಧ್ಯಾಹ್ನ ಬಂದಿಳಿದ, ಕೈಗೆ ಬಿಳಿ ಪಟ್ಟಿ. ಕೇರಿಯಲ್ಲಿ ಹಬ್ಬ. ಯಾರೂ ನನ್ನ ಮೇಲೆ ಸಿಟ್ಟಾಗಲಿಲ್ಲ. ಬದುಕಿರುವಾಗ ಸಾವಿನ ಸುದ್ದಿ ಬಂದರೆ ಆಯುಷ್ಯ ಗಟ್ಟಿ ಎಂದು ನಂಬುವ ಜನ. ಪುಂಡಲೀಕನೇ ಬೂತಿಗೆ ಬಂದು, ‘ನಂಗೆ ನೂರು ವರ್ಷ ಮಾಡ್ಕೊಟ್ರಿ ಇನಾಸಣ್ಣ’ ಎಂದು ನಕ್ಕ. ನಾನೂ ನಕ್ಕೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎರಡು ದಿನ ಬಿಟ್ಟು ದೇವಕಿ ತೌರಿಗೆ ಹೋದಳು. ಹೆದರಿಕೊಂಡಿದ್ದಾಳೆ, ನಾಲ್ಕು ದಿನ ಇದ್ದು ಬರಲಿ ಎಂದು ಪುಂಡಲೀಕನೇ ಬಸ್ಸು ಹತ್ತಿಸಿದ. ನಾಲ್ಕು ದಿನ ಹೋಗಿ ತಿಂಗಳಾಯಿತು. ಅವನು ಎರಡು ಸಲ ಹೋಗಿ ಕರೆದ. ‘ಬತ್ತೆ’ ಅಂದಳಂತೆ, ಬರಲಿಲ್ಲ. ‘ಎಂತ ಆಯ್ತು ಅಂತ ಅದು ಬಾಯಿ ಬಿಡೂದಿಲ್ಲ’ ಎಂದು ಬೂತಿನ ಬೆಂಚಿನ ಮೇಲೆ ಕೂತು ಪೆಟ್ಟಾದ ಕೈಯನ್ನು ನೇವರಿಸಿಕೊಂಡ. ಆಯಿ ಪೇಟೆಯಲ್ಲಿ ಒಬ್ಬಳೇ ಕೂರುತ್ತಿದ್ದಳು, ಯಾರ ಕಣ್ಣನ್ನೂ ನೋಡದೆ.

ಎಂತ ಆಯ್ತು ಎಂದು ನನಗೆ ಗೊತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಒಂದು ಮಾತನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ, ಹೆಂಡತಿ ನತಾಲಿನ್‌ಗೂ ಹೇಳದೆ. ಅದು ಹೊಟ್ಟೆಯಲ್ಲಿ ಜೀವವಿರುವ ಏಡಿಯ ಹಾಗೆ ಓಡಾಡುತ್ತಿತ್ತು. ಕೂತಲ್ಲಿ ಕೂರಲಾಗದೆ ಬೂತಿನ ಮುಂದೆ ಆಚೆ ಈಚೆ ತಿರುಗುತ್ತಿದ್ದೆ. ಕಾಳಿ ನದಿಯ ಸೇತುವೆಯ ಮೇಲೆ ಅರ್ಧ ದೂರ ನಡೆದು ವಾಪಸು ಬರುತ್ತಿದ್ದೆ. ‘ನಿಮಗೆ ಏನಾಗಿದೆ? ಊಟ ಮಾಡುವಾಗಲೂ ಕಾಲು ಕುಣಿಸ್ತೀರಿ’ ಎಂದು ನತಾಲಿನ್ ಕೇಳಿದರೆ ‘ಸೊಳ್ಳೆ’ ಅನ್ನುತ್ತಿದ್ದೆ.

ಕೊನೆಗೆ ಪಾಪನಿವೇದನೆಗೆ ಹೋದೆ. ಪಾದ್ರಿಗಳು ಪೂರ್ತಿ ಕೇಳಿದರು. ಈ ಸಲ ಅಂಗಗಳ ರಜೆಯ ಮಾತು ಬರಲಿಲ್ಲ.

‘ದೇವರ ಹತ್ತಿರ ಕ್ಷಮೆ ಕೇಳಿದ್ದಾಯ್ತು. ಆ ಹೆಂಗಸಿನ ಹತ್ತಿರ ಕೇಳಿದಿಯಾ?’

‘ಬೈದದ್ದು ಆಯಿ, ಫಾದರ್. ನಾನಲ್ಲ.’

‘ಆಯಿಯ ಬಾಯಿಗೆ ಆ ಮಾತು ಬರೋ ಹಾಗೆ ಮಾಡಿದವನು ಯಾರು? ಭಾವಿಕೇರಿಗೆ ಹೋಗು. ನಾನು ತಪ್ಪು ಮಾಡಿದೆ ಅಂತ ಹೇಳು. ಲೈನ್ ಸರಿ ಇರಲಿಲ್ಲ, ಗಾಳಿ ಇತ್ತು, ಯಾವುದೂ ಬೇಡ. ಮೂರು ವಾಕ್ಯ ಸಾಕು. ನಾಲ್ಕನೆಯದು ಬಂದರೆ ನುಂಗು.’

ನನಗೆ ಅಷ್ಟು ಕಷ್ಟದ ಪ್ರಾಯಶ್ಚಿತ್ತ ಯಾರೂ ಕೊಟ್ಟಿರಲಿಲ್ಲ. ಮೊದಲ ಸಲ ಹೊರಟವನು ಅಂಕೋಲೆ ಸ್ಟ್ಯಾಂಡಿನವರೆಗೆ ಹೋದೆ. ಎರಡು ಬನ್ಸು ತಿಂದೆ, ಚಹಾ ಕುಡಿದೆ, ಭಾವಿಕೇರಿಯ ಬಸ್ಸು ಬಂದಾಗ ಅದು ತುಂಬಿದೆ ಎಂದು ನನಗೆ ನಾನೇ ಹೇಳಿಕೊಂಡು ಕಾರವಾರದ ಬಸ್ಸು ಹತ್ತಿದೆ. ಭಾವಿಕೇರಿಯ ಬಸ್ಸಿನಲ್ಲಿ ಭರ್ತಿಯಾಗಿದ್ದದ್ದು ನಾಲ್ಕೇ ಸೀಟು.

ಎರಡನೆಯ ಸಲ ಗಟ್ಟಿ ಮನಸ್ಸು ಮಾಡಿದೆ. ಅಂಕೋಲೆಯಲ್ಲಿ ಬಸ್ಸು ಬದಲಿಸಿ, ಕಿಟಕಿ ಪಕ್ಕ ಕೂತು, ತುಟಿ ಅಲುಗಿಸುತ್ತ ಮೂರು ವಾಕ್ಯ ಹೊಂದಿಸುತ್ತಿದ್ದೆ. ಪಕ್ಕದಲ್ಲಿ ಖಾಲಿ ಮೀನುಬುಟ್ಟಿ ಮಡಿಲಲ್ಲಿಟ್ಟುಕೊಂಡ ಒಬ್ಬ ಮುದುಕಿ, ಬಾಯಿತುಂಬ ಎಲೆಯಡಿಕೆ.

‘ಜಪ ಮಾಡ್ತ್ರಾ ಎಂತ?’ ಎಂದು ಕೇಳಿದಳು.

ಅಷ್ಟೇ ಸಾಕಾಯಿತು. ತಿಂಗಳಿಡೀ ಕಟ್ಟಿಹಾಕಿದ್ದ ಬಾಯಿ, ಯಾರೂ ಗುರುತಿಲ್ಲದ ಬಸ್ಸು, ನಗುಮುಖದ ಮುದುಕಿ. ಹೆಸರುಗಳನ್ನು ಬಿಟ್ಟು ಹೇಳಿದರೆ ತಪ್ಪೇನು ಎಂದು ಶುರು ಮಾಡಿದೆ. ನಮ್ಮ ಕಡೆ ಒಂದು ತಮಾಷೆ ಆಯಿತು ನೋಡಿ ಅಂದೆ. ತಮಾಷೆ ಎಂದೇ ಅಂದೆ! ಫೋನಿನ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದೆ. ಗೆಲೊ ಅಂದದ್ದು, ನಾನು ಓಡಿದ್ದು, ಮಧ್ಯಾಹ್ನ ಸತ್ತವನೇ ಬಸ್ಸಿಳಿದದ್ದು. ಮುದುಕಿ ಬುಟ್ಟಿ ತಟ್ಟಿ ತಟ್ಟಿ ನಕ್ಕಳು. ಆ ನಗುವಿನ ಹುರುಪಿನಲ್ಲಿ, ಕತೆಗೆ ಇನ್ನಷ್ಟು ರಂಗು ಬರಲಿ ಎಂದು, ಅತ್ತೆ ಸೊಸೆಯ ಭುಜ ಹಿಡಿದು ಅಂದ ಮಾತನ್ನೂ ಆಯಿಯ ದನಿಯಲ್ಲೇ ಅಂದು ತೋರಿಸಿಬಿಟ್ಟೆ.

ಮುದುಕಿಯ ನಗು ನಿಂತಿತು. ಕಿಟಕಿಗೆ ಬಾಗಿ ಎಲೆಯಡಿಕೆ ಉಗಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

‘ಈ ಕತೆ ನಂಗೂ ಗೊತ್ತದೆ’ ಎಂದಳು. ‘ದೇವಕಿ ನನ್ನ ಅಕ್ಕನ ಮಗಳು. ಅತ್ತೆ ಹಿಂಗಂದದ್ದು ಒಂದು ಗೊತ್ತಿರ್ಲಿಲ್ಲ. ಹುಡ್ಗಿ ಅದ್ನ ಯಾರಿಗೂ ಹೇಳ್ಲಿಲ್ಲ. ಈಗ ನೀವು ಹೇಳ್ದ್ರಿ.’

ನನಗೆ ಬಸ್ಸಿನಿಂದ ಹಾರಬೇಕು ಅನ್ನಿಸಿತು. ಹಾರಲಿಲ್ಲ. ಇಬ್ಬರೂ ಒಂದೇ ಕಡೆ ಇಳಿದೆವು, ಒಂದೇ ದಾರಿಯಲ್ಲಿ ನಡೆದೆವು. ಅವಳು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಒಂದು ಅಂಗಳದ ಮುಂದೆ ನಿಂತು, ‘ಅದೇ ಮನೆ’ ಎಂದು ತೋರಿಸಿ, ತಾನು ಪಕ್ಕದ ಮನೆಯೊಳಗೆ ಹೋದಳು.

ದೇವಕಿ ಅಂಗಳದಲ್ಲಿ ಸಿಗಡಿ ಸುಲಿಯುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಅವಳ ಮುಖ ಬಿಳಚಿಕೊಂಡಿತು. ನನ್ನ ಮುಖ ಅಂದರೆ ಅವಳಿಗೆ ಇನ್ನು ಮುಂದೆ ಅದೇ ಸುದ್ದಿ. ‘ಎಲ್ರೂ ಆರಾಮ, ಎಲ್ರೂ ಆರಾಮ’ ಎಂದು ದೂರದಿಂದಲೇ ಕೂಗಿದೆ. ಮೂರರಲ್ಲಿ ಒಂದು ವಾಕ್ಯ ಅಲ್ಲೇ ಖರ್ಚಾಯಿತು.

‘ಕೂತ್ಕಣಿ ಇನಾಸಣ್ಣ’ ಎಂದು ಮಣೆ ಸರಿಸಿದಳು.

ನಾನು ಕೂರಲಿಲ್ಲ. ‘ತಂಗೀ, ಪೂರ್ತಿ ಕೇಳದೆ ನಾನು ಬಾಯಿ ಬಿಟ್ಟೆ. ನನ್ನಿಂದಲೇ ನಿನಗೆ ಆ ಮಾತು ಕೇಳೋ ಹಾಗಾಯ್ತು’ ಅಂದೆ. ಪಾದ್ರಿಗಳ ಮೂರು ಅಲ್ಲಿಗೆ ಮುಗಿಯಿತು. ನಾಲ್ಕನೆಯದನ್ನು ನುಂಗಬೇಕು ಎಂದಿದ್ದರು. ಆದರೆ ನುಂಗಿದರೆ ಅದು ಅಪ್ಪಟ ಮೋಸ. ‘ಇನ್ನೂ ಒಂದದೆ. ಆಯಿ ಅಂದದ್ದನ್ನ ಈಗ ಬಸ್ಸಿನಲ್ಲಿ ನಿನ್ನ ಚಿಕ್ಕಮ್ಮನ ಹತ್ತಿರ ಹೇಳಿಬಿಟ್ಟೆ. ಯಾರು ಅಂತ ಗೊತ್ತಿರಲಿಲ್ಲ.’

ಅವಳ ಕೈಯ ಸಿಗಡಿ ಬುಟ್ಟಿಗೆ ಬಿತ್ತು. ಬೈದಿದ್ದರೆ ಚೆನ್ನಾಗಿತ್ತು. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದೆ.

‘ತಿಂಗ್ಳಾಯ್ತು ಇನಾಸಣ್ಣ’ ಎಂದಳು ಕೊನೆಗೆ. ‘ದಿನಾ ಬಾಯಿತನಕ ಬತ್ತಿತ್ತು. ಅಮ್ಮ ಕೇಳ್ತು, ಅಣ್ಣಂದಿರು ಕೇಳ್ದ್ರು, ನಮ್ಮನೆಯವ್ರೂ ಬಂದು ಕೇಳ್ದ್ರು. ಹೇಳ್ಲಿಲ್ಲ. ಹೇಳ್ದ್ರೆ ಅಣ್ಣಂದಿರು ನನ್ನ ಮತ್ತೆ ಆ ಮನೆಗೆ ಕಳ್ಸೂದಿಲ್ಲ. ನಮ್ಮನೆಯವ್ರಿಗೆ ಹೇಳ್ದ್ರೆ ಅವ್ರು ತಾಯಿ ಮುಖ ನೋಡೂದಿಲ್ಲ. ಆಯಿಗೆ ಆ ಹೊತ್ತಿಗೆ ತಲೆ ನಿಂತಿರ್ಲಿಲ್ಲ, ಅದು ನಂಗೆ ಗೊತ್ತದೆ. ಆದ್ರೂ ಒಂದ್ಸಲ ಆಯಿ ತಾನಾಗೇ ಬಂದು ಕರೀಲಿ ಅಂತ ಕಾದು ಕೂತಿದ್ದೆ. ಅಷ್ಟೇ ಬೇಕಿತ್ತು ನಂಗೆ.’

‘ನಾನು ಈಗಲೇ ಹೋಗಿ ಆಯಿಗೆ ಹೇಳ್ತೇನೆ. ಕರ್ಕೊಂಡೇ ಬರ್ತೇನೆ.’

‘ನೀವು ಯಾರಿಗೂ ಎಂತದೂ ಹೇಳ್ಬೇಡಿ!’ ಎಂದಳು. ದನಿ ಏರಿದ್ದು ಅದೊಂದೇ ಸಲ. ಆಮೇಲೆ ಪಕ್ಕದ ಮನೆಯ ಕಡೆ ನೋಡಿ, ‘ಚಿಕ್ಕಮ್ಮನ ಬಾಯಿ ಸಂಜೆತನಕ ತಡೀತದೆ. ಅಣ್ಣಂದಿರು ದೋಣಿ ಎಳೆದು ಬರೂದು ಸಂಜೆಗೆ. ಅಷ್ಟರೊಳಗೆ ನಾ ಅಲ್ಲಿರ್ಬೇಕು’ ಎಂದಳು. ಕೈ ತೊಳೆದಳು. ಅಮ್ಮನಿಗೆ ಏನೋ ಹೇಳಿದಳು. ಒಂದು ಚೀಲ ಹಿಡಿದು ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

ವಾಪಸು ಬರುವಾಗ ಅವಳು ಮುಂದಿನ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಹಾರವಾಡ ಕಳೆಯಿತು, ಅಮದಳ್ಳಿ ಕಳೆಯಿತು. ಯಾರೋ ನನ್ನ ಪಕ್ಕ ಕೂತು ಎಲ್ಲಿಗೆ ಎಂದು ಕೇಳಿದರು. ಸದಾಶಿವಗಡ ಎಂದು ಹೇಳಿ ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದರೂ ಕಾಲು ಕುಣಿಯುತ್ತಲೇ ಇತ್ತು. ನಾನು ಅವಳಿಂದ ಕಿತ್ತುಕೊಂಡದ್ದು ಏನೆಂದು ಆಗ ತಿಳಿಯುತ್ತ ಬಂತು. ಮುಕ್ಕಾಲು ಗಂಟೆ ಅವಳ ಗಂಡನನ್ನು ಸಾಯಿಸಿದ್ದೆ, ಅವನು ಎದ್ದು ಬಂದ. ಒಂದು ತಿಂಗಳು ಅವಳು ಹಲ್ಲು ಕಚ್ಚಿ ಕಾದಿದ್ದ ಒಂದು ಕರೆ, ‘ಬಾ ಮಗಳೇ’ ಎನ್ನುವ ಅಷ್ಟೇ ಅಷ್ಟು, ಅದನ್ನು ನಾನು ಒಬ್ಬ ಮುದುಕಿಯನ್ನು ನಗಿಸಲು ಖರ್ಚು ಮಾಡಿದ್ದೆ. ನಾಲಿಗೆಯನ್ನು ಬಿಗಿಹಿಡಿಯುವುದು ಎಂದು ನಾನು ದೇವಾಲಯದ ಬೆಂಚಿನ ಮೇಲೆ ಕೂತು ವರ್ಷಾನುಗಟ್ಟಲೆ ಕೇಳಿದ್ದೆ. ಅದು ಹೇಗಿರುತ್ತದೆ ಎಂದು ನೋಡಿದ್ದು ಆವತ್ತು, ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ ಅಲುಗದೆ ಕೂತ ಅವಳ ಬೆನ್ನಿನಲ್ಲಿ.

ಚಿತ್ತಾಕುಲದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಆಯಿ ಅಂಗಳದಲ್ಲಿ ಒಣಮೀನು ಎತ್ತುತ್ತಿದ್ದಳು. ನಾನು ದಾರಿಯಲ್ಲೇ ನಿಂತೆ. ದೇವಕಿ ಒಳಗೆ ಹೋದಳು. ಆಯಿ ಬಗ್ಗಿದವಳು ನಿಧಾನಕ್ಕೆ ನೆಟ್ಟಗಾಗಿ ಸೊಸೆಯನ್ನು ನೋಡಿದಳು. ಕೈಯಲ್ಲಿದ್ದ ಮೊರವನ್ನು ನೆಲಕ್ಕಿಟ್ಟಳು. ಹತ್ತಿರ ಬಂದಳು. ಅವಳ ತುಟಿ ಅಲುಗಿತು. ಏನೋ ಅಂದಳು. ಇನ್ನು ಹತ್ತು ಹೆಜ್ಜೆ ಮುಂದೆ ಹೋಗಿದ್ದರೆ, ಬೇಲಿಯ ಹತ್ತಿರ ನಿಂತಿದ್ದರೆ ಸಾಕಿತ್ತು, ನನ್ನ ಕಿವಿಗೆ ಅದು ಬೀಳುತ್ತಿತ್ತು. ನನ್ನ ಕಾಲು ಒಂದು ಹೆಜ್ಜೆ ಮುಂದಿಟ್ಟೂ ಆಗಿತ್ತು. ಅದನ್ನು ಹಿಂದಕ್ಕೆಳೆದುಕೊಂಡು, ತಿರುಗಿ, ಮನೆಯ ದಾರಿ ಹಿಡಿದೆ.

ನಾನೂ ದೇವಕಿಯೂ ಒಟ್ಟಿಗೆ ಬಂದದ್ದನ್ನು ನತಾಲಿನ್ ನೋಡಿದ್ದಳು. ಬಾಗಿಲಲ್ಲೇ ನಿಂತಿದ್ದಳು.

‘ಆಯಿ ಏನಂದಳು?’

‘ಗೊತ್ತಿಲ್ಲ.’

‘ಗೊತ್ತಿಲ್ಲವಾ?’

‘ನಾನು ಕೇಳಲಿಲ್ಲ.’

ಅವಳು ನನ್ನ ಮುಖವನ್ನೇ ನೋಡಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಜ್ವರ ಬಂದಿದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಜ್ವರವಿರಲಿಲ್ಲ. ಆದರೆ ಆ ಸಂಜೆ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಮೂರು ಸಲ ಚಪ್ಪಲಿ ಮೆಟ್ಟಿ ಮೂರು ಸಲ ಬಿಚ್ಚಿದೆ. ಆಯಿ ತೀರಿಕೊಂಡು ಈಗ ವರ್ಷಗಳಾದವು. ದೇವಕಿ ಅದೇ ಮನೆಯಲ್ಲಿ ಎರಡು ಮಕ್ಕಳ ತಾಯಿ. ದಾರಿಯಲ್ಲಿ ಸಿಕ್ಕರೆ ‘ಆರಾಮಾ ಇನಾಸಣ್ಣ?’ ಅನ್ನುತ್ತಾಳೆ. ಪ್ರತಿ ಸಲವೂ ಆವತ್ತಿನ ಆ ಪ್ರಶ್ನೆ ನನ್ನ ಹಲ್ಲಿನ ತನಕ ಬರುತ್ತದೆ. ‘ಆರಾಮ’ ಎಂದಷ್ಟೇ ಹೇಳಿ, ಬೇಗ ಬೇಗ ಹೆಜ್ಜೆ ಹಾಕುತ್ತೇನೆ.